ಅರ್ಜಿ ಮೇಷ್ಟ್ರು ಆರಿಸಿಕೊಟ್ಟ ವೀಸಾ

ಮೊನ್ನೆ ನಮ್ಮ ಯಜಮಾನರ ಸೂಟ್‌ಕೇಸನ್ನು ಬಿಸಿಲಿಗೆ ಇಡೋಣವೆಂದು ಖಾಲಿ ಮಾಡುತ್ತಿದ್ದಾಗ ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕಾರ್ಬನ್ ಹಾಳೆ ಸಿಕ್ಕಿತು. ಬಿಡಿಸುವಷ್ಟರಲ್ಲಿ ಬೆರಳೆಲ್ಲ ನೀಲಿ. ಮೂಗಿನ ಹತ್ತಿರ ತಂದರೆ ಮೇಣ, ಶಾಯಿ, ಎಣ್ಣೆ ಎಲ್ಲ ಸೇರಿದ ಆ ವಾಸನೆ... ಒಂದು ಗಳಿಗೆ ನಾನು ತುಮಕೂರಿನ ನನ್ನ ಮನೆಯ ಟೆರೇಸಿನ ಮೇಲಿರಲಿಲ್ಲ. ಗುಬ್ಬಿಯ ತಾಲ್ಲೂಕು ಕಚೇರಿಯ ಎದುರು, ತಗಡಿನ ಚಪ್ಪರದ ಕೆಳಗೆ, ಅಲ್ಲಾಡುವ ಬೆಂಚಿನ ಮೇಲೆ ಕೂತಿದ್ದೆ.

ಅದು ಅರ್ಜಿ ಮೇಷ್ಟ್ರ ಜಾಗ. ಅವರು ಯಾರಿಗೂ ಪಾಠ ಹೇಳಿದವರಲ್ಲ. ಒಂದು ಟೈಪ್‌ರೈಟರ್, ಒಂದು ಸ್ಟಾಂಪ್ ಪ್ಯಾಡು, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ನು ಇಟ್ಟುಕೊಂಡು ತಾಲ್ಲೂಕಿನ ಜನಕ್ಕೆಲ್ಲ ಅರ್ಜಿ ಬರೆದುಕೊಡುತ್ತಿದ್ದರು. ಬರೆಯುವವರಾದ್ದರಿಂದ ಮೇಷ್ಟ್ರು. ಪೌತಿ ಖಾತೆ, ಜಾತಿ-ಆದಾಯ, ವಿಧವಾ ವೇತನ, ಬಾವಿಯ ಜಗಳ, ಯಾವುದಕ್ಕೂ ಅವರಲ್ಲಿ ಒಂದು ನಮೂನೆ ಇತ್ತು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ತಪ್ಪಾಗಿದ್ದಾಗ ಸರಿ ಮಾಡಿಸಿಕೊಟ್ಟವರೂ ಅವರೇ. ಆಗಿನಿಂದ ನಾನು ಅವರಿಗೆ ಅಮ್ಮಣ್ಣಿ.

ನನ್ನ ಮದುವೆಯಾದದ್ದು ನಲವತ್ತೆಂಟನೇ ವಯಸ್ಸಿನಲ್ಲಿ. ಆಗ ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ತುಮಕೂರಿನಿಂದ ದಿನವೂ ಬಸ್ಸಿನಲ್ಲಿ ಓಡಾಟ. ತುಮಕೂರಿನ ಆಚೆಯ ಕಾರ್ಖಾನೆಯೊಂದರಲ್ಲಿ ಯಂತ್ರ ಕೂರಿಸಲು ಜಪಾನಿನಿಂದ ಬಂದಿದ್ದ ಇಂಜಿನಿಯರ್ ಒಬ್ಬರು ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಯಂತ್ರ ಕೂತಿತು, ಅವರು ಊರಿಗೆ ಹೋದರು. ಮರುವರ್ಷ ಯಂತ್ರದ ಕೆಲಸ ಏನೂ ಇಲ್ಲದಿದ್ದರೂ ಬಂದರು. ಅದರ ಮರುವರ್ಷ ನವೆಂಬರ್ ಒಂದನೇ ತಾರೀಖು ಬಂದಿಳಿದವರನ್ನು ಗುಬ್ಬಿಯ ತವರುಮನೆಯಲ್ಲಿ ಹಾರ ಬದಲಾಯಿಸಿ, ಹೋಳಿಗೆ ಊಟ ಹಾಕಿಸಿ ಮದುವೆಯಾದೆ. ಅಷ್ಟರಲ್ಲಿ ಅವರು ಸೇವೆಯಿಂದ ನಿವೃತ್ತರಾಗಿ ಜಪಾನಿನ ಊರಿನಲ್ಲಿ ತಮ್ಮ ಅಣ್ಣನ ಜೊತೆ ಟೀ ತೋಟ ನೋಡಿಕೊಳ್ಳುತ್ತಿದ್ದರು. ಮೇ ತಿಂಗಳಲ್ಲಿ ಎಲೆ ಕುಯ್ಲು ಶುರುವಾದರೆ ಅಕ್ಟೋಬರಿನವರೆಗೆ ಅವರು ಅಲ್ಲಿರಲೇಬೇಕು. ನನಗೆ ಇಲ್ಲಿ ಇನ್ನೂ ಹನ್ನೆರಡು ವರ್ಷ ನೌಕರಿ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ಅಷ್ಟಕ್ಕೇ ಮಾತಾಗಿತ್ತು.

ವೀಸಾದ ವಿಷಯ ನಮ್ಮ ಭಾವ ವಹಿಸಿಕೊಂಡಿದ್ದರು. ಭಾವ ಎಂದರೆ ಅಕ್ಕನ ಗಂಡ, ಕುಣಿಗಲ್ಲಿನಲ್ಲಿ ಹಾರ್ಡ್‌ವೇರ್ ಅಂಗಡಿ. ಲೋಕದ ಯಾವ ವಿಷಯಕ್ಕೂ ಅವರ ಫೋನಿನಲ್ಲಿ ಒಂದು ವಿಡಿಯೋ ಇರುತ್ತಿತ್ತು. “ಟೂರಿಸ್ಟ್ ವೀಸಾ ಸಾಕು ಕಣಮ್ಮ, ಐದು ವರ್ಷದ್ದು ಫೋನಲ್ಲೇ ಸಿಗ್ತದೆ” ಎಂದು ಹೇಳಿ ಅದನ್ನೇ ತೆಗೆಸಿದ್ದರು. ವಾಪಸ್ಸಿನ ಟಿಕೆಟ್ಟನ್ನೂ ಏಪ್ರಿಲ್ ಮೂವತ್ತಕ್ಕೆ ಅವರೇ ಮಾಡಿಸಿದ್ದರು.

ಜನವರಿಯಲ್ಲಿ ನಾವು ಅರ್ಜಿ ಮೇಷ್ಟ್ರ ಹತ್ತಿರ ಹೋದದ್ದು ವೀಸಾಕ್ಕಲ್ಲ. ನನ್ನ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಲು ಏನು ಬೇಕೆಂದು ಕೇಳಲು. ಭಾವನೂ ಜೊತೆಗಿದ್ದರು. ಮೇಷ್ಟ್ರು ನಮ್ಮವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆಂಚು ಒರೆಸಿ, “ಕೂತ್ಕಳಿ ಅಳಿಯಂದ್ರೇ” ಎಂದರು. ಪಾಸ್‌ಪೋರ್ಟು ಕೇಳಿ ಪಡೆದು, ಪಹಣಿ ನೋಡುವ ಹಾಗೆ ಪುಟಪುಟವನ್ನೂ ಬೆಳಕಿಗೆ ಹಿಡಿದು ನೋಡಿದರು. ಬಂದದ್ದು ಯಾವಾಗ, ಹೋಗುವುದು ಯಾವಾಗ ಎಂದು ವಿಚಾರಿಸಿದರು. ಆಮೇಲೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ವೀಸಾದ ನಿಯಮಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಂದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಅರ್ಧ ಗಂಟೆ ಓದಿದರು. ನಾವು ಆಧಾರ್ ವಿಷಯ ಎತ್ತಿದರೆ ಕೈ ಅಡ್ಡ ಹಿಡಿದು ಸುಮ್ಮನಿರಿಸಿದರು. ಕೊನೆಗೆ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಒಂದೊಂದೇ ಚೌಕದ ಮೇಲೆ ಪೆನ್ನಿಟ್ಟು ಎಣಿಸತೊಡಗಿದರು.

“ನೂರ ಎಂಬತ್ತು ದಿನ ಅಂತೈತೆ. ನೀವು ನೂರ ಎಂಬತ್ತೊಂದು ಮಾಡ್ಕಂಡಿದ್ದೀರಿ.”

ನಾನು ಗಣಿತದ ಮೇಡಂ. ತಲೆಯಲ್ಲೇ ಕೂಡಿದೆ. ನವೆಂಬರ್ ಮೂವತ್ತು, ಡಿಸೆಂಬರ್ ಮೂವತ್ತೊಂದು... ಅವರು ಹೇಳಿದ್ದು ಸರಿಯಾಗಿತ್ತು. ಹದಿನೈದು ವರ್ಷ ಮಕ್ಕಳಿಗೆ ತಿಂಗಳ ದಿನ ಎಣಿಸಲು ಕಲಿಸಿದ ನಾನು ನನ್ನ ಗಂಡನ ದಿನ ಎಣಿಸಿರಲಿಲ್ಲ.

“ಒಂದಿನ ತಾನೇ ಬುಡಿ ಮೇಷ್ಟ್ರೇ” ಎಂದರು ಭಾವ.

“ಹಾಗಲವಾಡಿಯವನೊಬ್ಬ ಅಪೀಲಿಗೆ ಒಂದೇ ಒಂದಿನ ತಡ ಮಾಡಿ ಹದಿನೈದು ಗುಂಟೆ ಕಳ್ಕಂಡ. ಅವನಿಗೆ ಹೋಗಿದ್ದು ಬರೀ ಜಮೀನು. ಈವಮ್ಮಂಗೆ ಗಂಡನೇ ಹೋಗ್ತಾನೆ. ಇನ್ನೊಂದ್ಸಲ ಬರಕ್ಕೆ ಬುಡಲ್ಲ ಅಂದ್ರೆ ಏನ್ ಮಾಡ್ತೀರಿ?”

ಭಾವ ಫೋನು ಜೇಬಿಗಿಟ್ಟರು. ಅಲ್ಲೇ ಕೂತು ಟಿಕೆಟ್ಟನ್ನು ನಾಲ್ಕು ದಿನ ಹಿಂದಕ್ಕೆ ಹಾಕಿಸಿದ್ದಾಯಿತು. ಬದುಕಿದೆವು ಎಂದು ನಾನು ಎದ್ದರೆ ಮೇಷ್ಟ್ರು ಮತ್ತೆ ಕೂರಿಸಿದರು. ಕಾಗದದ ಮೇಲೊಂದು ಕಡೆ ಬೆರಳಿಟ್ಟು ನಮ್ಮವರ ಕಡೆ ತಿರುಗಿದರು.

“ಬಂದ ಉದ್ದೇಶ ಅಂತ ಒಂದು ಕಲಂ ಐತೆ ಅಳಿಯಂದ್ರೇ. ಟೂರಿಸ್ಟು ಅಂದ್ರೆ ನೋಡಕ್ಕೆ ಬಂದವ್ರು. ನೀವು ನೋಡಕ್ಕೆ ಬಂದಿದ್ದೀರೋ, ಇರಕ್ಕೆ ಬಂದಿದ್ದೀರೋ?”

ಈ ಪ್ರಶ್ನೆಯನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಕೇಳದೇ ಇರಲಿ ಎಂದೇ ಟೂರಿಸ್ಟ್ ವೀಸಾಕ್ಕೆ ತಲೆಯಾಡಿಸಿದ್ದೆ. ಈ ವಯಸ್ಸಿನಲ್ಲಿ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದರೆ ಎಲ್ಲಿ ಕಳೆದುಹೋಗುತ್ತದೋ ಎಂಬ ಹೆದರಿಕೆ... ನೆಂಟರು ಬೆನ್ನ ಹಿಂದೆ “ಆರು ತಿಂಗಳ ಗಂಡ” ಎಂದು ನಗುವುದೂ ಗೊತ್ತಿತ್ತು. ನಾನು ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಮೆದು ಮಾಡಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ನೆಟ್ಟಗೆ ಕೂತು, ಆಗ ಅವರಿಗೆ ಬರುತ್ತಿದ್ದ ಮೂವತ್ತು ಕನ್ನಡ ಪದಗಳಲ್ಲಿ ಒಂದನ್ನು ಹುಡುಕಿ ತೆಗೆದರು.

“ಇರಕ್ಕೆ.”

“ಹಂಗಾದ್ರೆ ಗಂಡ ಅಂತಲೇ ಬರ್ಲಿ. ಅದಕ್ಕೆ ಬೇರೆ ವೀಸಾ ಐತೆ” ಎಂದು ಮೇಷ್ಟ್ರು ಟೈಪ್‌ರೈಟರಿಗೆ ಹಾಳೆ ಸುತ್ತಿದರು.

ಭಾರತೀಯಳ ಗಂಡನೆಂಬ ಕಾರಣಕ್ಕೆ ಸಿಗುವ ಆ ವೀಸಾಕ್ಕೆ ಮದುವೆಯ ಸರ್ಟಿಫಿಕೇಟ್ ಬೇಕಿತ್ತು. ನಮ್ಮದು ಹೋಳಿಗೆ ಊಟದ ಮದುವೆ, ಎಲ್ಲೂ ನೋಂದಣಿಯಾಗಿರಲಿಲ್ಲ. ಅದಕ್ಕೆ ಬೇಕಾದ ದಾಖಲೆಗಳನ್ನು ಮೇಷ್ಟ್ರು ಬರೆಸುತ್ತಾ ಹೋದರು. ಮೊದಲ ಹೆಂಡತಿಯ ಮರಣಪತ್ರ. ಆಮೇಲೆ ವಂಶವೃಕ್ಷ. ಭಾವ ಬಿದ್ದು ಬಿದ್ದು ನಕ್ಕರು. “ಜಪಾನಲ್ಲಿ ವಂಶವೃಕ್ಷ ಯಾರ್ ಕೊಡ್ತಾರೆ ಮೇಷ್ಟ್ರೇ, ಅಲ್ಲೇನ್ ನಾಡಕಚೇರಿ ಐತಾ?” ನಾನೂ ನಕ್ಕೆ. ನಗುತ್ತಲೇ ಯಜಮಾನರಿಗೆ ವಿಷಯ ವಿವರಿಸಿದರೆ ಅವರು ನಗಲಿಲ್ಲ. ಇದೆಯಲ್ಲ ಎಂದರು. ಅವರ ಊರಿನ ಕಚೇರಿಯಲ್ಲಿ ಪ್ರತಿ ಮನೆತನಕ್ಕೂ ಒಂದು ದಾಖಲೆ, ಹುಟ್ಟಿದವರು, ಸತ್ತವರು, ಮದುವೆಯಾಗಿ ಬಂದವರು, ಹೋದವರು, ಎಲ್ಲ ಅದರಲ್ಲೇ. ಮೇಷ್ಟ್ರು ಭಾವನ ಕಡೆ ತಿರುಗಿಯೂ ನೋಡಲಿಲ್ಲ. “ಜನ ಇದ್ಕಡೆ ಕಚೇರಿ ಇರ್ತದೆ” ಎಂದಷ್ಟೇ ಹೇಳಿದರು. ಹದಿನೈದು ದಿನದಲ್ಲಿ ಆ ದಾಖಲೆ ಅಂಚೆಯಲ್ಲಿ ಬಂತು. ಅಕ್ಷರ ಒಂದೂ ಅರ್ಥವಾಗದಿದ್ದರೂ ಮೂಲೆಯಲ್ಲಿದ್ದ ಕೆಂಪು ಮೊಹರನ್ನು ಮೇಷ್ಟ್ರು ಬಹಳ ಹೊತ್ತು ನೋಡಿದರು. “ಎಷ್ಟು ನೀಟಾಗಿ ಒತ್ತವ್ರೆ ನೋಡು ಅಮ್ಮಣ್ಣಿ...” ನಮ್ಮ ಕಚೇರಿಯ ಮೊಹರು ಒಮ್ಮೆಯೂ ಪೂರ್ತಿ ಮೂಡದ ನೋವು ಅವರಿಗೆ ಬಹಳ ವರ್ಷದಿಂದ ಇತ್ತು.

ನೋಂದಣಿಗೆ ಮೊದಲು ಮೂವತ್ತು ದಿನದ ನೋಟಿಸು. ನಮ್ಮಿಬ್ಬರ ಫೋಟೋ ಇರುವ ಹಾಳೆಯನ್ನು ಉಪನೋಂದಣಾಧಿಕಾರಿ ಕಚೇರಿಯ ಬೋರ್ಡಿಗೆ ಅಂಟಿಸಿದರು. ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಬಹುದು. “ಒಂದು ತಿಂಗಳು ನಿಮ್ಮ ಭಾವನ್ನ ಈ ಕಡೆ ಬುಡಬ್ಯಾಡ” ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು.

ಭಾವನಿಂದ ಏನೂ ಆಗಲಿಲ್ಲ. ಆದದ್ದು ಅಡಿಕೆ ಮಾರಲು ಬಂದಿದ್ದ ಒಬ್ಬ ರೈತನಿಂದ. ಬೋರ್ಡಿನ ಮೇಲೆ ಫೋಟೋ ಕಂಡದ್ದೇ ಅದು ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆ ಎಂದುಕೊಂಡಿದ್ದಾನೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋದರೆ ನಮ್ಮವರು ಕಡಲೆಕಾಯಿ ತಿನ್ನುತ್ತಾ ತುಮಕೂರು ಬಸ್ಸಿಗೆ ಕಾಯುತ್ತಿದ್ದಾರೆ. ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು, “ಹೆದರ್ಕಬ್ಯಾಡಿ ಸ್ವಾಮಿ, ಮನೆಗೆ ಸೇರಿಸ್ತೀನಿ” ಎಂದು ಸಮಾಧಾನ ಹೇಳುತ್ತಾ ನೇರ ಅರ್ಜಿ ಮೇಷ್ಟ್ರ ಮುಂದೆ ತಂದು ನಿಲ್ಲಿಸಿದ. ನಮ್ಮವರು ಇದೂ ವೀಸಾದ ಒಂದು ಹಂತವಿರಬೇಕೆಂದು ತಿಳಿದು ತೆಪ್ಪಗೆ ಬಂದಿದ್ದರು.

“ಮೇಷ್ಟ್ರೇ, ಕಳೆದೋಗಿದ್ದ ವಯ್ಯ ಸಿಕ್ಕವ್ನೆ. ಬಹುಮಾನ ಏನಾದ್ರೂ ಐತಾ?”

ಮೇಷ್ಟ್ರು ಅವನಿಗೆ ಟೀ ಕುಡಿಸಿ, ಬೆನ್ನು ತಟ್ಟಿ ಕಳಿಸಿದರಂತೆ. ನಿಜ ಮಾತ್ರ ಹೇಳಲಿಲ್ಲ. “ಪುಣ್ಯದ ಕೆಲ್ಸ ಮಾಡ್ದೆ ಅನ್ಕಂಡವ್ನೆ, ಯಾಕೆ ಕೆಡ್ಸಬೇಕು” ಎಂದು ಆಮೇಲೆ ನನಗೆ ಹೇಳಿದರು.

ಮದುವೆ ನೋಂದಣಿಯಾಯಿತು. ನಮ್ಮವರು ಹೊರಡುವ ಮುಂಚೆ, ಜಪಾನಿನಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಕೊಡಲು ನನ್ನದೊಂದು ಪತ್ರವನ್ನೂ ಮೇಷ್ಟ್ರು ಕಾರ್ಬನ್ ಇಟ್ಟು ಟೈಪ್ ಮಾಡಿಕೊಟ್ಟರು. ಇಂಗ್ಲಿಷಿನಲ್ಲೇ, ಆದರೆ ಗುಬ್ಬಿ ತಾಲ್ಲೂಕಿನ ನಮೂನೆಯಲ್ಲಿ. ಮಹಾಸ್ವಾಮಿಗಳ ಸನ್ನಿಧಾನಕ್ಕೆ ಎಂದು ಶುರು. ಗಂಡ ವಾಸ ಮಾಡುವ ಮನೆಗೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ದಕ್ಷಿಣಕ್ಕೆ ಖಾಲಿ ನಿವೇಶನ, ಪಶ್ಚಿಮಕ್ಕೆ ಚರಂಡಿ, ಉತ್ತರಕ್ಕೆ ಪಕ್ಕದವರ ಮನೆ. ಇದೆಲ್ಲ ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಎಲ್ಲಿರ್ತಾರೆ ಅಂತ ಅವ್ರಿಗೂ ತಿಳೀಬೇಕಲ್ಲ.” ಮುಂದೆ ಯಜಮಾನರು ಅಲ್ಲಿಂದ ಫೋನ್ ಮಾಡಿ ಹೇಳಿದರು: ಕೌಂಟರಿನ ಅಧಿಕಾರಿ ಪತ್ರವನ್ನು ಎರಡು ಸಲ ಓದಿ, ತಲೆಯೆತ್ತಿ, ಆ ಚರಂಡಿ ಮುಚ್ಚಿದೆಯೋ ತೆರೆದಿದೆಯೋ ಎಂದು ಕೇಳಿದರಂತೆ. ವೀಸಾ ಕೊಟ್ಟರು.

ನವೆಂಬರಿನಲ್ಲಿ ನಮ್ಮವರು ನನ್ನ ಗಂಡನೆಂದೇ ಬಂದಿಳಿದರು. ಹದಿನಾಲ್ಕು ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕೆಂಬುದನ್ನು ನೆನಪಿಸಲು ಮೇಷ್ಟ್ರು ಹದಿಮೂರು ದಿನವೂ ಫೋನ್ ಮಾಡಿದರು. ಮದುವೆ ನೋಂದಣಿಗೆ ಎರಡು ವರ್ಷ ತುಂಬಿದ ಮೇಲೆ, ಯಾವಾಗ ಬೇಕಾದರೂ ಬಂದು ಎಷ್ಟು ದಿನ ಬೇಕಾದರೂ ಇರಬಹುದಾದ ಓಸಿಐ ಕಾರ್ಡಿಗೆ ಅರ್ಜಿ ಹಾಕಿದೆವು. ಅದರ ನಮೂನೆಯೂ ಮೇಷ್ಟ್ರ ಮೇಜಿನ ಮೇಲೇ ತುಂಬಿದ್ದು. ಆ ಸಲ ಅವರಿಗೆ ಕೆಮ್ಮು ಹೆಚ್ಚಿತ್ತು. ಧೂಳು ಎಂದರು...

ಕಾರ್ಡು ಕೈಸೇರಿದ ಮರುದಿನವೇ ಮೈಸೂರುಪಾಕಿನ ಡಬ್ಬ ಹಿಡಿದು ಗುಬ್ಬಿಗೆ ಹೋದೆವು. ಚಪ್ಪರದ ಕೆಳಗೆ ಬೆಂಚು ಇರಲಿಲ್ಲ, ಮೇಜೂ ಇರಲಿಲ್ಲ. ಪಕ್ಕದಲ್ಲಿ ಎಳನೀರು ಮಾರುವಾಕೆ ಮಚ್ಚು ಕೆಳಗಿಟ್ಟು ಹೇಳಿದರು.

“ಮೇಷ್ಟ್ರು ಹೋಗ್ಬುಟ್ರಲ್ಲ ಕಣಮ್ಮ, ತಿಂಗಳ ಮೇಲಾಯ್ತು. ಎದೆಗೂಡಲ್ಲಿ ನೀರು ತುಂಬ್ಕಂಡಿತ್ತಂತೆ.”

ನಾನು ಭಾಷಾಂತರಿಸುವ ಅಗತ್ಯ ಬೀಳಲಿಲ್ಲ. ನಮ್ಮವರು ಡಬ್ಬವನ್ನು ನನ್ನ ಕೈಗೆ ಕೊಟ್ಟು, ಮೇಜು ಇದ್ದ ಜಾಗಕ್ಕೆ ಎದುರಾಗಿ ನಿಂತು, ಎರಡೂ ಕೈ ತೊಡೆಗೆ ಹಚ್ಚಿ, ಸೊಂಟದಿಂದ ಬಾಗಿದರು. ಬಾಗಿದವರು ಏಳಲಿಲ್ಲ. ಬಸ್ಸುಗಳು ಹಾರ್ನ್ ಹೊಡೆದವು, ಅರ್ಜಿ ಹಿಡಿದವರು ಸುತ್ತ ನಿಂತು ನೋಡಿದರು. ಎಳನೀರಿನಾಕೆ ಗಾಬರಿಯಿಂದ ಹತ್ತಿರ ಬಂದರು.

“ಯಜಮಾನ್ರಿಗೆ ಸೊಂಟ ಹಿಡ್ಕತಾ ಅವ್ವಾ?”

ಹೌದು ಎಂದೆ. ಬೇರೇನು ಹೇಳಲಿ? ಆಕೆ ಓಡಿಹೋಗಿ ತಾನು ಕೂರುವ ಸ್ಟೂಲನ್ನೇ ತಂದು ಅವರ ಹಿಂದೆ ಇಟ್ಟರು.

ಈಗ ಆ ಚಪ್ಪರದ ಕೆಳಗೆ ಮೊಬೈಲ್ ಕವರ್ ಮಾರುತ್ತಾರೆ. ಗುಬ್ಬಿಗೆ ಹೋದಾಗಲೆಲ್ಲ ನಮ್ಮವರು ಅಲ್ಲಿ ನಿಂತು, ತುಂಬ ಹೊತ್ತು ಆರಿಸಿ, ಒಂದು ಕವರ್ ಕೊಳ್ಳುತ್ತಾರೆ. ನಮ್ಮ ಮನೆಯಲ್ಲೀಗ ಹದಿನೇಳು ಕವರುಗಳಿವೆ. ಅವರ ಹತ್ತಿರ ಇರುವುದು ಒಂದೇ ಫೋನು.