ತಂಡಕ್ಕೆ ಯರ್ರೆಪ್ಪನೇ ಬೇಕಂತೆ

ಯರ್ರೆಪ್ಪನ ಹೆಸರು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದೋನಿಯ ನೂಲಿನ ಮಿಲ್ಲಿನಲ್ಲಿ ನಾನು ಸ್ಟೋರ್ ಗುಮಾಸ್ತ, ಎಲ್ಲರ ಬಾಯಲ್ಲಿ 'ಆಚಾರ್ರು'. ಅವನು ಕಪಾಟಿನಿಂದ ಬಿಡಿಭಾಗ ಎತ್ತಿಕೊಡುವ ಆಳು, ಶಾಲೆಯ ಮೆಟ್ಟಿಲು ಹತ್ತದವನು.

೧೯೮೭ರಲ್ಲಿ ಎಲ್ಲ ವಿಭಾಗಗಳ ಕೆಲಸವನ್ನೂ ಒಂದೇ ಕಂಪ್ಯೂಟರಿಗೆ ಸೇರಿಸಲು ಹೈದರಾಬಾದಿನಿಂದ ಬಂದ ಎಂಜಿನಿಯರ್, ವಿಭಾಗಕ್ಕೊಬ್ಬರಂತೆ ತಂಡ ಕಟ್ಟಿದರು. ಸ್ಟೋರಿನಿಂದ ಆರಿಸಿದ್ದು ಇವನನ್ನು! ಯಾವ ಸಾಮಾನು ಎಲ್ಲಿದೆಯೆಂದು ಕೈಯಿಟ್ಟು ತೋರಿಸುವವನು ಬೇಕಂತೆ. ಇಪ್ಪತ್ತು ವರ್ಷ ನಾನು ಬರೆದ ರಿಜಿಸ್ಟರುಗಳೇನು ಉಪ್ಪಿನಕಾಯಿ ಹಾಕಲಿಕ್ಕೆ?

ಎಂಜಿನಿಯರ್ ಅವನಿಂದ ಸಾಮಾನು ತರಿಸಿ ನೋಡುವ ಪರೀಕ್ಷೆಯ ದಿನ ಎಲ್ಲರಿಗಿಂತ ಮೊದಲೇ ಹೋಗಿ ಕಪಾಟುಗಳ ಹಳೆಯ ಚೀಟಿಗಳನ್ನು ಕಿತ್ತೆ. ತಪ್ಪು ಹೆಸರುಗಳ ಹೊಸ ಚೀಟಿ ಬರೆದು ಅಂಟಿಸಿದೆ. ಅವನು ಎಲ್ಲರೆದುರು ನಗೆಪಾಟಲಾಗಲಿ!

ಎಂಜಿನಿಯರ್ ಕೇಳಿದ್ದನ್ನೆಲ್ಲ ಯರ್ರೆಪ್ಪ ಸರಿಯಾಗಿಯೇ ತಂದಿಟ್ಟ. ಅವನು ಎಂದಾದರೂ ಚೀಟಿ ನೋಡಿದ್ದರಲ್ಲವೆ?

ನೋಡಿದವರು ಎಂಜಿನಿಯರ್. ಬೇರಿಂಗಿನ ಕಪಾಟಿಗೆ ಬೆಲ್ಟಿನ ಚೀಟಿ ಯಾರು ಅಂಟಿಸಿದರೆಂದು ಸಿಡುಕಿದರು.

ಯರ್ರೆಪ್ಪ ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದ. "ನನಗ ಓದಾಕ ಬರಂಗಿಲ್ರಿ ಸಾರ್. ಆದ್ರ ಇಂಥಾ ಮುತ್ತಿನಂಥಾ ಅಕ್ಷರ ನಮ್ಮ ಆಚಾರ್ರನ್ನ ಬಿಟ್ರ ಇಡೀ ಮಿಲ್ಲಿನಾಗ ಇನ್ಯಾರಿಗೂ ಬರಂಗಿಲ್ಲ!"