ಬರಿದೇ ಬಿಟ್ಟ ಹೊಸ್ತಿಲು

ಗೋಡೆಗೆ ತೂಗುಹಾಕಿದ್ದ ಚಿತ್ರದಲ್ಲಿ ಏನೂ ಇರಲಿಲ್ಲ. ದೇವರಿಲ್ಲ, ಮನುಷ್ಯರಿಲ್ಲ, ಗಿಡಮರವೂ ಇಲ್ಲ. ಚೌಕಟ್ಟಿನ ತುಂಬ ಸೆಗಣಿ ಬೆರೆತ ಕೆಮ್ಮಣ್ಣಿನ ಬಣ್ಣ, ಅಷ್ಟೇ. ಬೊಂಬಾಯಿಯ ಜನ ಅದರ ಮುಂದೆ ಕೈಕಟ್ಟಿ ನಿಂತು ತಲೆದೂಗುತ್ತಿದ್ದರು. ನಮ್ಮ ಮಾನ್ವಿಯವರಾಗಿದ್ದರೆ, ಪಾಪ, ಚಿತ್ರ ಬರೆಯಲು ಪುರುಸೊತ್ತಾಗಲಿಲ್ಲವೇನೋ ಎನ್ನುತ್ತಿದ್ದರು. ನನಗೂ ನಗು ಬರಬೇಕಿತ್ತು. ಬಿಕ್ಕಿ ಬಿಕ್ಕಿ ಅಳು ಬಂತು.

ನಮ್ಮ ಕಡೆ ಸಾವಾದ ಮನೆಯ ಮುಂದೆ ಅಂಗಳ ಸಾರಿಸಿ, ರಂಗೋಲಿ ಹಾಕದೆ ಬಿಡುತ್ತಾರೆ. ಅದನ್ನು ಕಂಡವರು ಏನೂ ಕೇಳದೆ ಒಳಗೆ ಬಂದು ಹತ್ತಿರ ಕೂಡುತ್ತಾರೆ.

ಅವ್ವ ತೀರಿಕೊಂಡ ಸುದ್ದಿ ದೇವದುರ್ಗದ ಮಾವನವರ ಕಾಗದದಲ್ಲಿ ಬಂದಾಗ ನಿಜಾಮರ ಸೀಮೆಯಲ್ಲಿ ಗಲಾಟೆ ಜೋರಾಗಿತ್ತು. ಮಾನ್ವಿಯಿರಲಿ, ರಾಯಚೂರಿನವರೆಗೂ ಹೋಗುವಂತಿರಲಿಲ್ಲ. ಮದುವೆಯಾದ ಮಗಳಿಗೆ ಮೂರು ದಿನದ ಸೂತಕ. ಚಾಳಿನಲ್ಲಿ, ಅಂದರೆ ಒಂದೇ ಪಡಸಾಲೆಗೆ ಸಾಲಾಗಿ ಬಾಗಿಲು ತೆರೆಯುವ ಬಾಡಿಗೆ ಕೋಣೆಗಳಲ್ಲಿ, ಅಂಗಳವೆಲ್ಲಿಯದು? ಹೊಸ್ತಿಲನ್ನೇ ಒರೆಸಿ ಬರಿದಾಗಿ ಬಿಟ್ಟೆ. ಯಾರಾದರೂ ಬಂದಾರೆಂದು ಒಳಗೆ ಕೂತೆ. ಪಕ್ಕದ ಮಾಲತಿಬಾಯಿ ಒಳ್ಳೆಯ ಹೆಂಗಸು. ನನಗೆ ಮೈಯಲ್ಲಿ ಹುಷಾರಿಲ್ಲವೆಂದುಕೊಂಡು, ಮೂರೂ ದಿನ ತಾನೇ ನನ್ನ ಹೊಸ್ತಿಲಿಗೆ ಚೆಂದದ ರಂಗೋಲಿ ಹಾಕಿದಳು. ಅಷ್ಟು ಪ್ರೀತಿಯಿಂದ ಹಾಕಿದ್ದನ್ನು ಅಳಿಸಲು ನನಗೆ ಕೈ ಬರಲಿಲ್ಲ. ಯಾರೂ ಬರಲಿಲ್ಲ. ನಾನೂ ಅಳಲಿಲ್ಲ.

ಮಂಕಾಗಿ ಕೂತವಳ ಮನಸ್ಸು ಬದಲಾಗಲಿ ಎಂದೇ ನಮ್ಮವರು ಈ ಹೊಸ ಚಿತ್ರಗಳ ಪ್ರದರ್ಶನಕ್ಕೆ ಕರೆತಂದಿದ್ದರು.

"ಏನಾತು? ಮಂದಿ ನೋಡ್ಲಿಕ್ಕತ್ತಾರ," ಎಂದರು.

"ಅವ್ವನ ಅಂಗಳ ಅದ ನೋಡ್ರಿ," ಎಂದೆ. "ರಂಗೋಲಿ ಹಾಕಿಲ್ಲ."

ಚಿತ್ರ ಬರೆದಾತ ಹತ್ತಿರದಲ್ಲೇ ಇದ್ದ. ನಮ್ಮವರಿಂದ ವಿಷಯ ತಿಳಿದು, ತಾನು ಅಂಥದ್ದೇನೂ ನೆನೆದು ಬರೆದಿಲ್ಲ, ಬರೀ ಬಣ್ಣ ಅದು ಎಂದು ಸಂಕೋಚದಿಂದ ಹೇಳಿದ. ಆಮೇಲೆ ಒಂದು ಕುರ್ಚಿ ತಂದಿಟ್ಟ. ಯಾರೋ ಪಾರಸಿ ಮುದುಕಿ ಪಕ್ಕದಲ್ಲಿ ನಿಂತು, ಒಂದು ಮಾತೂ ಆಡದೆ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಹೊಟ್ಟೆತುಂಬ ಅತ್ತೆ.

ಗಲಾಟೆ ಅಡಗಿದ ಮೇಲೂ ಕೂಡಲೇ ಹೊರಡಲಾಗಲಿಲ್ಲ. ಮಾನ್ವಿಗೆ ಹೋಗುವಷ್ಟರಲ್ಲಿ ವರ್ಷಾಂತಿಕವೂ ಮುಗಿದಿತ್ತು. ಅವ್ವನ ಕೋಣೆಯಲ್ಲಿ ಅಣ್ಣನ ಮಗುವಿನ ತೊಟ್ಟಿಲು ಕಟ್ಟಿದ್ದರು. ಬಾಗಿಲಲ್ಲೇ ನನ್ನ ದುಃಖ ಉಕ್ಕಿತು. ಅಣ್ಣನ ಹೆಂಡತಿ, ನಮ್ಮ ವೈನಿ, ಓಡಿಬಂದು ಸೆರಗಿನಿಂದ ನನ್ನ ಕಣ್ಣೊರೆಸಿದರು.

"ಸಾಕ್ರೀ, ಇನ್ನ ಅಳಬ್ಯಾಡ್ರಿ. ನಾವೆಲ್ಲಾ ಅತ್ತು ಮುಗಿಸೀವಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮುಖ ತೊಳೆದು ಊಟಕ್ಕೆ ಕೂತೆ. ಅಣ್ಣ ಬೊಂಬಾಯಿಯ ಸುದ್ದಿ ಕೇಳಿದ, ಹೇಳಿದೆ. ಹುಟ್ಟಿದ ಮನೆಯಲ್ಲಿ ಕೂತು, ಹೆಸರೂ ಗೊತ್ತಿಲ್ಲದ ಆ ಮುದುಕಿಯ ಪಕ್ಕಕ್ಕೆ ಮರಳಿ ಹೋಗಬೇಕೆನಿಸಿತು.