ನೀಲವ್ವ ಕೂರುತ್ತಿದ್ದ ಜಾಗ

"ನಾಳಿಂದ ನಾ ಬರಂಗಿಲ್ರಿ ಸಾಹೇಬ್ರ" ಎಂದು ನೀಲವ್ವ ತಮ್ಮ ಮೊರವನ್ನು ನನ್ನ ಮೇಜಿನ ಮೇಲಿಟ್ಟರು.

ಬ್ಯಾಡಗಿಯ ಆ ಮೆಣಸಿನಕಾಯಿ ಗೋದಾಮಿಗೆ ನಾನು ಹೊಸ ಮ್ಯಾನೇಜರ್. ಅವರು ಇಪ್ಪತ್ತು ವರ್ಷದಿಂದ ಅಲ್ಲಿ ಬಣ್ಣ ನೋಡಿ ಕಾಯಿ ಆರಿಸುತ್ತಿದ್ದವರು; ಉಳಿದ ಹೆಂಗಸರದು ತೊಟ್ಟು ಮುರಿಯುವ ಕೆಲಸ. ಆ ವಾರ ಮಾತ್ರ ಅವರ ಕೆಂಪು ರಾಶಿಯಲ್ಲಿ ಬಣ್ಣ ಮಾಸಿದ ಕಾಯಿ ಸೇರುತ್ತಲೇ ಇತ್ತು. ಮೂರು ಸಲ ಎಲ್ಲ ಹೆಂಗಸರ ಎದುರಿಗೇ ರಾಶಿ ಕೆದರಿ, ಹೇಗೆ ಆರಿಸಬೇಕೆಂದು ಅವರಿಗೆ ಕಲಿಸಿದ್ದೆ.

"ನೀವು ಚಲೋನ ಕಲಿಸಿದ್ರಿ. ಆದ್ರ ಯಾಕ ತಪ್ಪಾಗಾಕತ್ತೈತಿ ಅಂತ ಒಮ್ಮೆರ ಕೇಳಿದ್ರೇನ್ರಿ?" ಎಂದವರೇ ಹೊರಟುಹೋದರು.

ಮಧ್ಯಾಹ್ನ ಅವರ ಜಾಗದಲ್ಲಿ ಕುಳಿತು ನೋಡಿದೆ. ಮೊದಲು ಅವರು ಕೂರುತ್ತಿದ್ದುದು ಬಾಗಿಲ ಬಳಿ. ಸಾಲು ನೇರವಾಗಿರಲೆಂದು ಆ ವಾರದ ಮೊದಲ ದಿನ ಅವರನ್ನು ಒಳಗೋಡೆಯ ಪಕ್ಕಕ್ಕೆ ಕಳಿಸಿದವನು ನಾನೇ. ಅಲ್ಲಿನ ಟ್ಯೂಬ್‌ಲೈಟಿನ ಕೆಳಗೆ ಎರಡು ಕಾಯಿ ಹಿಡಿದೆ. ಎರಡೂ ಕೆಂಪಗೇ ಕಂಡವು. ಬಾಗಿಲಿಗೆ ತಂದೆ. ಬಿಸಿಲಲ್ಲಿ ಒಂದು ಮಾಸಿದ್ದು ತಕ್ಷಣ ಕಂಡಿತು.

ಸಂಜೆ ಮೋಟೆಬೆನ್ನೂರಿನ ಅವರ ಮನೆಗೆ ಹೋಗಿ ತಪ್ಪಾಯಿತೆಂದೆ. ಚಹಾ ಕೊಟ್ಟರು. ಕೆಲಸಕ್ಕೆ ಮಾತ್ರ ಬರಲು ಒಪ್ಪಲಿಲ್ಲ.

ಮರುದಿನ, ಕಾಯಿ ಆರಿಸಲು ಯಾರಾದರೂ ಬಾಗಿಲ ಬಳಿ ಬಂದು ಕೂರಿ ಎಂದು ಉಳಿದ ಹೆಂಗಸರಿಗೆ ಹೇಳಿದೆ. ಒಬ್ಬರೂ ಏಳಲಿಲ್ಲ. ನೀಲವ್ವ ಕೂರುತ್ತಿದ್ದ ಜಾಗದಲ್ಲಿ ಬಿಸಿಲೊಂದೇ ಬಿದ್ದಿತ್ತು.